ವಿಲನ್‌ಗಳು ಸುಮ್ನೆ ಗುಂಡು ಹೊಡೆದು ಮುಗಿಸಬಾರದಾ?

ಓದುಗರ ಪ್ರಶ್ನೆ: ಮಗ ಏಳನೇ ಕ್ಲಾಸು. ರಜೆ ಶುರುವಾದಾಗಿನಿಂದ ಬ್ಯಾಟ್‌ಮನ್ ಕಾಮಿಕ್ಸ್ ಹಿಡಿದು ಕೂತಿದ್ದಾನೆ. ದಿನಾ ಊಟದ ಹೊತ್ತಿಗೆ ಒಂದೇ ತಕರಾರು. ಬ್ಯಾಟ್‌ಮನ್ ಎಚ್ಚರ ತಪ್ಪಿ ಬಿದ್ದಿದ್ದಾನೆ, ಜೋಕರ್ ಕೈಯಲ್ಲಿ ಪಿಸ್ತೂಲಿದೆ, ಒಂದು ಗುಂಡು ಹೊಡೆದರೆ ಮುಗೀತಲ್ಲ ಅಂತಾನೆ. ಅದು ಬಿಟ್ಟು ಇವರೆಲ್ಲ ಅವನನ್ನು ಕಟ್ಟಿಹಾಕಿ, ಭಾಷಣ ಬಿಗಿದು, ಹೊರಗೆ ಹೋಗ್ತಾರೆ. ಯಾಕೆ? ಇನ್ನೂ ಒಂದು ಕೇಳ್ತಾನೆ: ಆರು ವಿಲನ್‌ಗಳು ಸೇರಿದ ಮೇಲೂ ಸ್ಪೈಡರ್‌ಮ್ಯಾನ್ ಮೇಲೆ ಒಬ್ಬೊಬ್ಬರಾಗಿ ಯಾಕೆ ಹೋಗ್ತಾರೆ? ನನಗಂತೂ ಉತ್ತರ ಹೇಳಲು ಬರಲಿಲ್ಲ.
– ಕುಮಟಾದ ಒಬ್ಬ ಓದುಗರು

ನಿಮ್ಮ ಮಗ ಕೇಳಿದ್ದನ್ನೇ ನಾನೂ ಅವನ ವಯಸ್ಸಿನಲ್ಲಿ ಕೇಳಿದ್ದೆ. ಶಿರಸಿ ಹತ್ತಿರದ ಅಜ್ಜನಮನೆಯ ಅಟ್ಟದಲ್ಲಿ ಅಡಿಕೆ ಚೀಲಗಳ ಹಿಂದೆ ಇಂದ್ರಜಾಲ ಕಾಮಿಕ್ಸ್‌ನ ಒಂದು ಕಟ್ಟು ಇತ್ತು. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತ ಆ ಪುಸ್ತಕಗಳು ಕನ್ನಡದಲ್ಲೂ ಬರುತ್ತಿದ್ದವು. ಹೆಚ್ಚಿನವು ಫ್ಯಾಂಟಮ್ ಕಥೆಗಳು. ಫ್ಯಾಂಟಮ್ ಇರುವ ಕಾಡಿನ ದೇಶಕ್ಕೆ ಇಂದ್ರಜಾಲದವರು ಡೆಂಕಾಲಿ ಅಂತ ಹೆಸರು ಹಾಕಿದ್ದರು. ಅದು ದಾಂಡೇಲಿ ಪಕ್ಕದ್ದೇ ಯಾವುದೋ ಊರು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ.

ಫ್ಯಾಂಟಮ್ ವಿಷಯದಲ್ಲಿ ನಿಮ್ಮ ಮಗನ ತಕರಾರು ನಿಲ್ಲುವುದಿಲ್ಲ. ಅವನ ಶತ್ರುಗಳು ಗುಂಡು ಹೊಡೆಯುತ್ತಾರೆ, ಚೂರಿಯನ್ನೂ ಹಾಕುತ್ತಾರೆ. ಎಷ್ಟೋ ಸಲ ಸಾಯಿಸಿಯೂ ಬಿಡುತ್ತಾರೆ. ಆದರೆ ಮುಖವಾಡದ ಒಳಗಿನ ಮನುಷ್ಯ ಸತ್ತರೆ ಅವನ ಮಗ ಅದೇ ಮುಖವಾಡ ಹಾಕಿಕೊಂಡು ಬರುತ್ತಾನೆ. ಲೀ ಫಾಕ್ 1936ರಲ್ಲಿ ಬರೆಯಲು ಶುರುಮಾಡಿದ ಈ ಕಥೆಯಲ್ಲಿ ಮೊದಲ ಫ್ಯಾಂಟಮ್ 1536ರಲ್ಲಿ ಕಡಲ್ಗಳ್ಳರ ಕೈಯಿಂದ ತಪ್ಪಿಸಿಕೊಂಡು ದಡ ಸೇರಿದವನು. ಈಗ ನಾವು ಓದುವವನು 21ನೆಯವನು. ಊರಿನವರಿಗೆ ಮಾತ್ರ ಎಲ್ಲರೂ ಒಬ್ಬನೇ, ಸಾವಿಲ್ಲದವನು. ಗುಂಡು ಹೊಡೆದರೆ ಏನಾಗುತ್ತದೆ ಅನ್ನುವುದಕ್ಕೆ ಇದು ಒಂದು ಉತ್ತರ. ಹೊಡೆದವನಿಗೆ ಏನೂ ಗಿಟ್ಟುವುದಿಲ್ಲ.

ಬ್ಯಾಟ್‌ಮನ್‌ಗೆ ಆ ಅನುಕೂಲ ಇಲ್ಲ. ಅವನು ಒಬ್ಬನೇ, ಸತ್ತರೆ ಸತ್ತ. ಹಾಗಾಗಿ ಅವನ ವಿಲನ್‌ಗಳ ಕಥೆ ಬೇರೆ.

ಮೊದಲು ಜೋಕರ್ ಹೇಗೆ ಬಂದ ನೋಡಿ. ಬ್ಯಾಟ್‌ಮನ್ ಹುಟ್ಟಿದ್ದು 1939ರಲ್ಲಿ. ಅವನ ಹೆಸರಿನದೇ ಪತ್ರಿಕೆಯ ಮೊದಲ ಸಂಚಿಕೆ 1940ರಲ್ಲಿ ಬಂತು. ಅದರಲ್ಲೇ ಜೋಕರ್ ಪ್ರವೇಶ. ಆ ಪ್ರವೇಶ ಹೇಗೆ ಗೊತ್ತಾ? ಜನ ಮನೆಯಲ್ಲಿ ಕೂತು ರೇಡಿಯೋ ಕೇಳುತ್ತಿರುತ್ತಾರೆ. ಹಾಡು ನಡುವೆಯೇ ನಿಲ್ಲುತ್ತದೆ. ಒಂದು ತಣ್ಣಗಿನ ದನಿ ಬರುತ್ತದೆ: ಇವತ್ತು ರಾತ್ರಿ ಸರಿಯಾಗಿ ಹನ್ನೆರಡಕ್ಕೆ ಇಂಥ ಸಾಹುಕಾರನನ್ನು ಕೊಂದು ಅವನ ವಜ್ರ ಕದಿಯುತ್ತೇನೆ. ಪೊಲೀಸರು ಆ ಸಾಹುಕಾರನ ಸುತ್ತ ಗೋಡೆಯ ಹಾಗೆ ನಿಲ್ಲುತ್ತಾರೆ. ಗಡಿಯಾರ ಹನ್ನೆರಡು ಹೊಡೆಯುತ್ತದೆ. ಯಾರೂ ಒಳಗೆ ಬಂದಿಲ್ಲ, ಆದರೂ ಆತ ಕುಸಿದು ಬೀಳುತ್ತಾನೆ. ಮುಖದ ಮೇಲೆ ಹಲ್ಲುಕಿಸಿದ ಭಯಂಕರ ನಗು. ಪೆಟ್ಟಿಗೆಯಲ್ಲಿದ್ದ ವಜ್ರವೂ ನಕಲಿ. ಜೋಕರ್ ಹಿಂದಿನ ರಾತ್ರಿಯೇ ಬಂದು, ವಜ್ರ ಬದಲಾಯಿಸಿ, ಮಲಗಿದ್ದವನಿಗೆ ನಿಧಾನದ ವಿಷ ಚುಚ್ಚಿ ಹೋಗಿದ್ದ.

ಈಗ ಯೋಚನೆ ಮಾಡಿ. ಕಳ್ಳತನ ಹಿಂದಿನ ರಾತ್ರಿಯೇ ಮುಗಿದಿತ್ತು. ಕೊಲೆಯೂ ಅರ್ಧ ಮುಗಿದ ಹಾಗೆಯೇ. ಹಾಗಿದ್ದರೆ ಮರುದಿನ ರೇಡಿಯೋದಲ್ಲಿ ಹೇಳುವ ಕೆಲಸ ಏನಿತ್ತು? ಕದಿಯಲು ಅದು ಬೇಕಾಗಿರಲಿಲ್ಲ, ಊರು ನೋಡಬೇಕಿತ್ತು. ಇಡೀ ಊರು ಕಾವಲು ಕೂತಾಗಲೂ ತಾನು ಗೆದ್ದೆ ಅನ್ನುವುದು ಅವನಿಗೆ ವಜ್ರಕ್ಕಿಂತ ಜಾಸ್ತಿ. ನನ್ನ ಲೆಕ್ಕದಲ್ಲಿ ನಿಮ್ಮ ಮಗನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇವರ ಸಂಚು ಹೀರೋನನ್ನು ಸಾಯಿಸಲಿಕ್ಕಲ್ಲ. ಸೋತೆ ಅಂತ ಅವನ ಬಾಯಿಂದಲೇ ಹೇಳಿಸಲಿಕ್ಕೆ. ಸತ್ತವನು ಏನು ಹೇಳುತ್ತಾನೆ?

ಇದು ನಾನು ಎಳೆದು ತಂದ ಅರ್ಥ ಅಂತ ಅನ್ನಿಸಿದರೆ 1973ರ ಒಂದು ಕಥೆ ಇದೆ. ಡೆನ್ನಿಸ್ ಓನೀಲ್ ಬರೆದದ್ದು, ಚಿತ್ರ ನೀಲ್ ಆಡಮ್ಸ್ ಅವರದು. ಅದರಲ್ಲಿ ಬ್ಯಾಟ್‌ಮನ್ ನಿಜಕ್ಕೂ ಎಚ್ಚರ ತಪ್ಪಿ ಜೋಕರ್ ಕಾಲ ಬುಡದಲ್ಲಿ ಬೀಳುತ್ತಾನೆ. ಥೇಟ್ ನಿಮ್ಮ ಮಗ ಹೇಳಿದ ಸನ್ನಿವೇಶ. ಜೋಕರ್ ಒಂದು ಗಳಿಗೆ ನಿಂತು ನೋಡುತ್ತಾನೆ. ಇಷ್ಟು ವರ್ಷ ಕನಸು ಕಂಡ ಗಳಿಗೆ. ಆದರೆ ಹೀಗೆ ಅದೃಷ್ಟದಿಂದ ಸಿಕ್ಕಿದ್ದು ಬೇಡ, ಬುದ್ಧಿಯಲ್ಲಿ ಸೋಲಿಸದೆ ಕೊಂದರೆ ಅದೇನು ಗೆಲುವು ಅಂತ ಬಿಟ್ಟು ಹೋಗುತ್ತಾನೆ. ಆಮೇಲೆ ಅದೇ ಬ್ಯಾಟ್‌ಮನ್‌ನನ್ನು ಶಾರ್ಕ್ ಇರುವ ತೊಟ್ಟಿಗೆ ಇಳಿಸುತ್ತಾನೆ! ಕೊನೆಗೆ ಅವನು ಸಿಕ್ಕಿಬೀಳುವುದು ಹೇಗೆ ಅಂದರೆ, ಹಡಗಿನ ಎಣ್ಣೆ ಚೆಲ್ಲಿದ ಸಮುದ್ರ ದಂಡೆಯ ಮೇಲೆ ಓಡುವಾಗ ಕಾಲು ಜಾರಿ. ಮಳೆಗಾಲದ ಹೊತ್ತಿಗೆ ಕಾರವಾರದ ದಂಡೆಗೆ ತೇಲಿ ಬರುವ ಡಾಂಬರಿನಂಥ ಜಿಡ್ಡು ಉಂಡೆ ಮೆಟ್ಟಿದವರಿಗೆ ಅವನ ಪಾಡು ಚೆನ್ನಾಗಿ ಅರ್ಥವಾಗುತ್ತದೆ.

ಇದು ಕಥೆಯ ಒಳಗಿನ ಕಾರಣ. ಹೊರಗಿನ ಕಾರಣಗಳೂ ಇವೆ, ಅವು ಇನ್ನೂ ಮಜಾ.

ಒಂದು, ಕಂತಿನ ಕಾಟ. 1943ರಲ್ಲಿ ಬ್ಯಾಟ್‌ಮನ್ ಸಿನಿಮಾ 15 ಕಂತುಗಳಲ್ಲಿ ಬಂತು. ಪ್ರತಿ ಕಂತಿನ ಕೊನೆಗೆ ಹೀರೋ ಸಾಯುವ ಸ್ಥಿತಿಯಲ್ಲಿರಬೇಕು, ಇಲ್ಲದಿದ್ದರೆ ಮುಂದಿನ ವಾರ ಯಾರು ಟಿಕೆಟ್ ತೆಗೆದುಕೊಳ್ಳುತ್ತಾರೆ? 1966ರ ಟಿವಿ ಧಾರಾವಾಹಿ ಇದನ್ನೇ ಪದ್ಧತಿ ಮಾಡಿತು. ಬುಧವಾರ ರಾತ್ರಿ ಬ್ಯಾಟ್‌ಮನ್ ಮತ್ತು ಅವನ ಜೊತೆಗಾರ ಹುಡುಗ ರಾಬಿನ್‌ರನ್ನು ಯಾವುದೋ ವಿಚಿತ್ರ ಯಂತ್ರಕ್ಕೆ ಕಟ್ಟುವುದು, ಗುರುವಾರ ಬಿಡಿಸುವುದು. ವಿಲನ್ ಬುಧವಾರವೇ ಗುಂಡು ಹೊಡೆದರೆ ಗುರುವಾರ ಏನು ತೋರಿಸುವುದು ಹೇಳಿ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಮುಂದುವರಿಯುವುದು’ ಅನ್ನುವ ಆ ಒಂದು ಪದಕ್ಕಾಗಿ ಎಷ್ಟು ನಾಯಕಿಯರು ಬಾವಿಕಟ್ಟೆಯ ಮೇಲೆ ಒಂದು ವಾರ ನಿಂತಿಲ್ಲ!

ಇನ್ನೊಂದು, ಅಮೆರಿಕದ ಕಾಮಿಕ್ಸ್ ಕೋಡ್. ಮಕ್ಕಳು ಕಾಮಿಕ್ಸ್ ಓದಿ ಕೆಡುತ್ತಿದ್ದಾರೆ ಅಂತ 1954ರಲ್ಲಿ ಅಲ್ಲಿ ದೊಡ್ಡ ಗಲಾಟೆಯಾಯಿತು. ಸೆನೆಟ್ ವಿಚಾರಣೆಯೂ ನಡೆಯಿತು. ಹೆದರಿದ ಪ್ರಕಾಶಕರು ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ಕೆಟ್ಟವನಿಗೆ ಪ್ರತಿ ಸಲ ಶಿಕ್ಷೆ ಆಗಲೇಬೇಕು ಅನ್ನುವುದು ಅದರಲ್ಲಿ ಒಂದು. ಅಪರಾಧ ಮಾಡುವ ವಿಧಾನವನ್ನು ವಿವರವಾಗಿ ತೋರಿಸಬಾರದು ಅನ್ನುವುದು ಮತ್ತೊಂದು. ಇದರ ಪರಿಣಾಮ ನೋಡಿ. ಬೀಗ ಒಡೆಯುವ ಸರಿಯಾದ ಕ್ರಮ ಬರೆಯುವ ಹಾಗಿಲ್ಲ. ಹಾಗಾದರೆ ವಿಲನ್ ಏನು ಮಾಡಬೇಕು? ಯಾವ ಹುಡುಗನೂ ಮನೆಯಲ್ಲಿ ಮಾಡಿ ನೋಡಲಾಗದಂಥ ಸಂಚು ಹೂಡಬೇಕು. ವಿಚಿತ್ರ ಸಂಚಿನ ಚಟ ಅದಕ್ಕೂ ಮೊದಲೇ ಇತ್ತು ಬಿಡಿ. ಬ್ಯಾಟ್‌ಮನ್ ಗುಹೆಯಲ್ಲಿ ಇವತ್ತಿಗೂ ಕಾಣುವ ಆಳೆತ್ತರದ ಒಂದು ಪೈಸೆ ನಾಣ್ಯ ಬಂದದ್ದು 1947ರ ಕಥೆಯಿಂದ. ಅದರ ಕಳ್ಳನಿಗೆ ಪೈಸೆಯದೇ ಹುಚ್ಚು. ಆದರೆ ಕೋಡ್ ಬಂದ ಮೇಲೆ ಬರೆಯುವವರಿಗೆ ಬೇರೆ ದಾರಿಯೇ ಉಳಿಯಲಿಲ್ಲ.

ಬ್ಯಾಟ್‌ಮನ್ ಇವರನ್ನು ಯಾಕೆ ಕೊಲ್ಲುವುದಿಲ್ಲ ಅಂತ ನಿಮ್ಮ ಮಗ ಮುಂದೆ ಕೇಳಿಯೇ ಕೇಳುತ್ತಾನೆ. ಅದಕ್ಕೂ ಒಬ್ಬ ಸಂಪಾದಕರು ಕಾರಣ. 1940ರ ಅದೇ ಮೊದಲ ಸಂಚಿಕೆಯಲ್ಲಿ ಬ್ಯಾಟ್‌ಮನ್ ವಿಮಾನದಿಂದ ಮಷಿನ್ ಗನ್ ಹೊಡೆಯುತ್ತಾನೆ. ಇನ್ನು ಇದು ಬೇಡ ಅಂದರು ಸಂಪಾದಕ ವಿಟ್ನಿ ಎಲ್ಸ್‌ವರ್ತ್. ಜೋಕರ್ ಕೂಡ ಅದೇ ಸಂಚಿಕೆಯಲ್ಲಿ ಸಾಯಬೇಕಿತ್ತು. ತನ್ನ ಚೂರಿಯೇ ತನಗೆ ಚುಚ್ಚಿ ಬಿದ್ದಿದ್ದ. ಇಷ್ಟು ಒಳ್ಳೆ ವಿಲನ್‌ನನ್ನು ಕಳೆದುಕೊಳ್ಳಬಾರದು ಅಂತ ಎಲ್ಸ್‌ವರ್ತ್ ಕೊನೆಗೆ ಒಂದು ಚೌಕ ಸೇರಿಸಿದರು, ‘ಇವನಿಗೆ ಇನ್ನೂ ಜೀವ ಇದೆ’ ಅಂತ ಡಾಕ್ಟರ್ ಹೇಳುವ ಚೌಕ. ಆ ಒಂದು ಚೌಕದ ಮೇಲೆ ಎಂಬತ್ತು ವರ್ಷ ದಾಟಿದ ವ್ಯಾಪಾರ ನಿಂತಿದೆ. ನನಗೆ ಮಾತ್ರ ಕೊಲ್ಲಬಾರದು ಅನ್ನುವುದಕ್ಕೆ ಶಿರಸಿಯ ಕಾರಣವೇ ಹೆಚ್ಚು ಒಪ್ಪುತ್ತದೆ. ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ನಮ್ಮಲ್ಲಿ ಬೇಡರ ವೇಷ ಕುಣಿಯುತ್ತದಲ್ಲ, ಬೆನ್ನಿಗೆ ನವಿಲುಗರಿ, ಹಿಂದೆ ಹಗ್ಗ ಹಿಡಿದು ಎಳೆಯುವವರು, ತಮಟೆ. ಅದರ ಕಥೆಯ ಬೇಡನನ್ನು ಊರು ಕಾಯಲು ಇಟ್ಟಿದ್ದರು. ಕಾಯುವವನೇ ಊರಿಗೆ ಕಾಟವಾದ. ಯಾರ ಅಪ್ಪಣೆಯೂ ಇಲ್ಲದೆ ರಾತ್ರಿ ಊರು ಕಾಯುವವನಿಗೆ ಒಂದು ಹಗ್ಗ ಇರಲೇಬೇಕು. ಬ್ಯಾಟ್‌ಮನ್ ಅದನ್ನು ತಾನೇ ಕಟ್ಟಿಕೊಂಡಿದ್ದಾನೆ.

ಎಲ್ಲ ಸಂಚುಗಳೂ ಕೆಡುತ್ತವೆ ಅಂತೇನಿಲ್ಲ. 1988ರಲ್ಲಿ ಜೋಕರ್ ಎರಡನೇ ರಾಬಿನ್‌ನನ್ನು, ಅಂದರೆ ಆ ಹೆಸರು ಹೊತ್ತ ಎರಡನೇ ಹುಡುಗನನ್ನು, ಕಬ್ಬಿಣದ ಸರಳಿನಿಂದ ಬಡಿದು, ಬಾಂಬ್ ಇಟ್ಟು ಹೋದ. ಹುಡುಗ ಬದುಕಬೇಕೋ ಸಾಯಬೇಕೋ ಅಂತ ಓದುಗರೇ ಫೋನ್ ಮಾಡಿ ವೋಟು ಹಾಕಬೇಕಿತ್ತು. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬರೀ 72 ವೋಟಿನಲ್ಲಿ ಹುಡುಗ ಹೋದ. ಆ ಸಲ ಜೋಕರ್ ಸಂಚಿನಲ್ಲಿ ಐದು ಸಾವಿರ ಓದುಗರು ಪಾಲುದಾರರು. ಇದನ್ನು ನಿಮ್ಮ ಮಗನಿಗೆ ಈಗಲೇ ಹೇಳಬೇಕೋ ಬೇಡವೋ ನೀವೇ ನೋಡಿ.

ನೇರವಾಗಿ ಯೋಚನೆ ಮಾಡುವ ವಿಲನ್ ಅಂದರೆ ಬೇನ್. 1993ರ ಕಥೆ. ಹುಚ್ಚಾಸ್ಪತ್ರೆಯ ಗೋಡೆ ಒಡೆದು ಎಲ್ಲ ವಿಲನ್‌ಗಳನ್ನೂ ಹೊರಗೆ ಬಿಟ್ಟ. ಬ್ಯಾಟ್‌ಮನ್ ನಿದ್ದೆಯಿಲ್ಲದೆ ಒಬ್ಬೊಬ್ಬರನ್ನೇ ಹಿಡಿಯುತ್ತ ಸುಸ್ತಾಗಿ ಮನೆಗೆ ಬಂದರೆ, ಬೇನ್ ಅಲ್ಲೇ ಕಾಯುತ್ತಿದ್ದ. ಮೊಣಕಾಲಿಗೆ ಹಾಕಿ ಬೆನ್ನು ಮುರಿದ. ಬುದ್ಧಿವಂತ, ಅಲ್ವಾ? ಅಂಥವನೂ ಆಮೇಲೆ ಏನು ಮಾಡಿದ? ಅಲ್ಲೇ ಕತ್ತು ಹಿಚುಕಲಿಲ್ಲ. ಹೊತ್ತುಕೊಂಡು ಪೇಟೆಯ ನಡುವಿಗೆ ಹೋಗಿ, ಜನರೆಲ್ಲ ನೋಡುವ ಹಾಗೆ ಮೇಲಿಂದ ಕೆಳಗೆ ಎಸೆದ. ಅವನಿಗೂ ಜನ ನೋಡಬೇಕಿತ್ತು! ಬ್ಯಾಟ್‌ಮನ್ ಬದುಕಿಕೊಂಡ.

ನಿಜ ಹೇಳಬೇಕೆಂದರೆ ನಮ್ಮ ಜಿಲ್ಲೆಯವರು ಈ ಪ್ರಶ್ನೆ ಕೇಳಲೇಬಾರದು. ನಾವು ಯಕ್ಷಗಾನದ ಆಟ ನೋಡಿ ಬೆಳೆದವರು. ಹೊನ್ನಾವರದ ಕಡೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ, ದುಷ್ಟಬುದ್ಧಿ ನೋಡಲು ಜನ ಎಲ್ಲಿಂದೆಲ್ಲಿಂದಲೋ ಬರುತ್ತಿದ್ದರು. ಮೂರೂ ಕೇಡಿಗಳ ವೇಷವೇ. ದುಷ್ಟಬುದ್ಧಿಯ ಸಂಚು ನೆನಪಿದೆಯಲ್ಲ? ಚಂದ್ರಹಾಸ ಅವನ ಮುಂದೆಯೇ ಇದ್ದಾನೆ. ಒಂದು ಏಟಿಗೆ ಮುಗಿಸಬಹುದಿತ್ತು. ಅದು ಬಿಟ್ಟು ಮಗನಿಗೆ ಓಲೆ ಬರೆದು, ಇವನಿಗೆ ವಿಷ ಕೊಡು ಅಂತ ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ದಾರಿಯ ಉಪವನದಲ್ಲಿ ಅವನು ನಿದ್ದೆ ಹೋಗಿದ್ದಾಗ ದುಷ್ಟಬುದ್ಧಿಯ ಮಗಳು ವಿಷಯೆ ಓಲೆ ಬಿಚ್ಚಿ ನೋಡುತ್ತಾಳೆ, ಕಣ್ಣಿನ ಕಾಡಿಗೆಯಿಂದ ‘ವಿಷ’ವನ್ನು ‘ವಿಷಯೆ’ ಮಾಡುತ್ತಾಳೆ. ವಿಷ ಕುಡಿಯಬೇಕಾದವನಿಗೆ ಮದುವೆ. ಜೋಕರ್ ಇದನ್ನು ಓದಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದ. ಆಟ ನೋಡುವಾಗ ಯಾರಾದರೂ ಎದ್ದು ನಿಂತು ‘ಅಲ್ಲೇ ಕಡಿದು ಹಾಕಬಾರದಿತ್ತಾ’ ಅಂತ ಕೇಳಿದ್ದಾರಾ? ಕೇಳಿದರೆ ಪಕ್ಕದವರೇ ‘ಸುಮ್ನೆ ಕೂತ್ಕೊಳೋ ಮಾರಾಯ’ ಅನ್ನುತ್ತಾರೆ. ಓಲೆ ಬರೆಸುವ ಆ ಹೊತ್ತಿನ ಅಭಿನಯಕ್ಕೇ ತಾನೇ ಅಷ್ಟು ದೂರ ಬಂದು ಕೂತದ್ದು.

ಇನ್ನು ಆರು ಜನರ ವಿಷಯ. 1964ರ ಕಥೆ ಅದು, ಡಾಕ್ಟರ್ ಆಕ್ಟೋಪಸ್ ಉಳಿದ ಐವರನ್ನು ಸೇರಿಸುತ್ತಾನೆ. ಸೇರಿದ ಮೇಲೂ ಸ್ಪೈಡರ್‌ಮ್ಯಾನ್‌ನನ್ನು ಒಬ್ಬೊಬ್ಬರಾಗಿಯೇ ಎದುರಿಸುತ್ತಾರೆ. ಸ್ಟೀವ್ ಡಿಟ್ಕೋ ಪ್ರತಿಯೊಂದು ಕಾಳಗಕ್ಕೂ ಪುಟ ತುಂಬಾ ಒಂದು ದೊಡ್ಡ ಚಿತ್ರ ಬರೆದಿದ್ದಾರೆ. ಎಲ್ಲರೂ ಒಟ್ಟಿಗೆ ಬಿದ್ದಿದ್ದರೆ ಅಂಥ ಒಂದೇ ಚಿತ್ರ ಸಿಗುತ್ತಿತ್ತು. ಜೊತೆಗೆ, ಹೊಡೆದದ್ದು ನಾನು ಅಂತ ಹೇಳಿಕೊಳ್ಳುವ ಆಸೆ ಆರೂ ಜನಕ್ಕೆ ಇರುತ್ತದಲ್ಲ.

ಒಟ್ಟಿಗೆ ಹೋಗಿದ್ದರೆ ಗೆಲ್ಲುತ್ತಿದ್ದರಾ? ಮಗನನ್ನು ಒಂದು ಸಲ ಕೀಚಕವಧೆ ಆಟಕ್ಕೆ ಕರೆದುಕೊಂಡು ಹೋಗಿ. ಭೀಮ ಹಗಲು ವಲಲ ಅನ್ನುವ ಹೆಸರಲ್ಲಿ ಅಡುಗೆಮನೆಯಲ್ಲಿ ಇರುತ್ತಾನೆ, ರಾತ್ರಿ ಕತ್ತಲಲ್ಲಿ ಕೀಚಕನನ್ನು ಹಿಸುಕಿ ಹಾಕಿ ಮತ್ತೆ ಬಂದು ಸೌಟು ಹಿಡಿಯುತ್ತಾನೆ. ಕೊಂದವರು ಗಂಧರ್ವರು ಅಂತ ಊರೆಲ್ಲ ಮಾತಾಡುತ್ತದೆ. ಮರುದಿನ ಕೀಚಕನ ತಮ್ಮಂದಿರು ನೂರಕ್ಕೂ ಹೆಚ್ಚು ಜನ ಒಟ್ಟಿಗೇ ಹೊರಡುತ್ತಾರೆ. ಸ್ಮಶಾನದ ಹತ್ತಿರ ಭೀಮ ಒಂದು ಮರ ಕೀಳುತ್ತಾನೆ.