ಸಾಲಿನ ನಡುವೆ ಬೈಕ್ ನುಗ್ಗಿಸುವುದು ತಪ್ಪಾ?

ಮಳೆಗಾಲದಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಕುಸಿದರೆ ಶಿರಾಡಿ ರಸ್ತೆಯಲ್ಲಿ ಲಾರಿ, ಬಸ್ಸು, ಗ್ಯಾಸ್ ಟ್ಯಾಂಕರ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಆ ಸಾಲಿನಲ್ಲಿ ಸುಮ್ನೆ ಕಾಯುವ ಬೈಕ್ ಸವಾರರು ಕಡಿಮೆ. ಹ್ಯಾಂಡಲ್ ಹಿಡಿಸುವಷ್ಟು ಸಂದಿ ಸಿಕ್ಕರೆ ಸಾಕು, ತೂರಿಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ಹಾಸನದ ಎನ್.ಆರ್. ಸರ್ಕಲ್‌ನಲ್ಲೂ ಅದೇ. ಇದು ತಪ್ಪೋ ಸರಿಯೋ ಎಂದು ನಾವು ಕೇಳುವುದೇ ಇಲ್ಲ, ಅಲ್ವಾ?

ನಮ್ಮ ಕಾನೂನೂ ಬಹಳ ಕಾಲ ಕೇಳಲಿಲ್ಲ. 1939ರ ಮೋಟಾರು ವಾಹನ ಕಾಯ್ದೆಯ ಕಾಲಕ್ಕೆ ಮುಖ್ಯ ಮಾತು ಒಂದೇ: ಎಡಕ್ಕೆ ಹೋಗಿ, ಬಲದಿಂದ ಓವರ್‌ಟೇಕ್ ಮಾಡಿ. 1988ರ ಕಾಯ್ದೆ ಬಂದ ಮೇಲೆ, 1989ರ ರಸ್ತೆ ನಿಯಮಗಳಲ್ಲಿ ಲೇನ್ ಮಾತು ಸ್ಪಷ್ಟವಾಗಿ ಬಂತು. ಗೆರೆ ಎಳೆದ ರಸ್ತೆಯಲ್ಲಿ ಲೇನ್ ಒಳಗೇ ಓಡಿಸಬೇಕು, ಬದಲಿಸುವಾಗ ಸಿಗ್ನಲ್ ಕೊಡಬೇಕು. ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸವು ಬಂದವು. 2019ರ ತಿದ್ದುಪಡಿ ದಂಡ ಏರಿಸಿತು. ಚಾಲನಾ ನಿಯಮ ಮುರಿದರೆ 500ರಿಂದ 1,000 ರೂಪಾಯಿ. ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡಿ ಅಪಾಯ ತಂದರೆ ಅದು ಕಲಂ 184ರ ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ ಬೀಳಬಹುದು, ಜೈಲೂ ಆಗಬಹುದು.

ಅಂದರೆ ಗೆರೆ ಇರುವ ರಸ್ತೆಯಲ್ಲಿ ಎರಡು ಲೇನ್ ನಡುವೆ ಬೈಕ್ ಓಡಿಸುವುದು ತಪ್ಪೇ. ಆದರೆ ಸಿಗ್ನಲ್‌ನಲ್ಲಿ ನಿಂತ ಗಾಡಿಗಳ ನಡುವೆ ನಿಧಾನವಾಗಿ ಮುಂದೆ ಬರುವುದಕ್ಕೂ, ಓಡುತ್ತಿರುವ ಗಾಡಿಗಳ ನಡುವೆ ನುಗ್ಗುವುದಕ್ಕೂ ನಮ್ಮ ಕಾನೂನು ವ್ಯತ್ಯಾಸ ಮಾಡುವುದಿಲ್ಲ. ನನ್ನ ಪ್ರಕಾರ ಇಡೀ ಗೊಂದಲ ಇರುವುದೇ ಇಲ್ಲಿ.

ಬೇರೆ ದೇಶಗಳು ಮಾಡಿದ್ದು ಈ ವ್ಯತ್ಯಾಸವನ್ನೇ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2014ರ ಜುಲೈನಿಂದ ನಿಂತ ಅಥವಾ ನಿಧಾನವಾಗಿ ಸಾಗುವ ಗಾಡಿಗಳ ನಡುವೆ ಬೈಕ್ ಹೋಗಬಹುದು ಎಂದಿತು. ಆದರೆ ವೇಗ ಗಂಟೆಗೆ 30 ಕಿ.ಮೀ. ಮೀರಬಾರದು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ರೂಢಿ ಮೊದಲಿಂದಲೂ ಇತ್ತು. 2016ರಲ್ಲಿ ಅದನ್ನು ಕಾನೂನಿನಲ್ಲೇ ಬರೆದರು, 2017ರ ಜನವರಿಯಿಂದ ಜಾರಿಗೆ ಬಂತು. ಫ್ರಾನ್ಸ್ 2016ರಿಂದ ವರ್ಷಗಟ್ಟಲೆ ಪ್ರಯೋಗ ನಡೆಸಿ, 2025ರಲ್ಲಿ ಷರತ್ತಿನ ಮೇಲೆ ಒಪ್ಪಿತು.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ 2015ರಲ್ಲಿ ಸುಮಾರು 6,000 ಬೈಕ್ ಅಪಘಾತಗಳನ್ನು ಪರಿಶೀಲಿಸಿತು. ಸಂದಿಯಲ್ಲಿ ಹೋಗುವಾಗ ಬಿದ್ದವರಲ್ಲಿ ತಲೆಗೆ ಪೆಟ್ಟಾದವರು ಶೇ. 9, ಉಳಿದವರಲ್ಲಿ ಶೇ. 17. ಹಿಂದಿನಿಂದ ಗುದ್ದಿಸಿಕೊಂಡವರೂ ಕಡಿಮೆ. ಇದನ್ನು ಓದಿ ಹಿಗ್ಗುವ ಮೊದಲು ಉಳಿದದ್ದನ್ನೂ ನೋಡಬೇಕು. ಸಂದಿಯಲ್ಲಿ ಹೋದವರಲ್ಲಿ ಒಳ್ಳೆಯ ಹೆಲ್ಮೆಟ್ ಹಾಕಿದವರು ಜಾಸ್ತಿ, ಕುಡಿದವರು ಕಡಿಮೆ. ಪಕ್ಕದ ಗಾಡಿಗಿಂತ ಸುಮಾರು 24 ಕಿ.ಮೀ.ಗೂ ಹೆಚ್ಚು ವೇಗ ಇದ್ದಾಗ ಪೆಟ್ಟಿನ ಅಪಾಯ ಏರಿತ್ತು.

ಆ ಲೆಕ್ಕ ಕ್ಯಾಲಿಫೋರ್ನಿಯಾದ ರಸ್ತೆಗಳದ್ದು. ನಮ್ಮ ಚಾರ್ಮಾಡಿ ಘಾಟಿಯದ್ದಲ್ಲ. ಎಡಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ಬಸ್ ಡ್ರೈವರ್ ಮೊದಲು ಮೂತಿಯನ್ನು ಬಲಕ್ಕೆ ಎಳೆಯುತ್ತಾನೆ. ಆಗ ಎಡಗಡೆ ಒಂದು ಬೈಕಿಗೆ ಸಾಕಾಗುವಷ್ಟು ಜಾಗ ತೆರೆದುಕೊಳ್ಳುತ್ತದೆ. ಅದು ಖಾಲಿ ಜಾಗವಲ್ಲ, ಹಿಂದಿನ ಚಕ್ರ ಬರುವ ದಾರಿ. ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಅಲ್ಲಿ ತೂರಿದವನಿಗೆ ಒಂದು ಕಡೆ ಬಸ್ಸು, ಇನ್ನೊಂದು ಕಡೆ ಚರಂಡಿ ಅಥವಾ ಕಲ್ಲುಬಂಡೆ. ಡ್ರೈವರ್‌ಗೆ ಕನ್ನಡಿಯಲ್ಲಿ ಅವನು ಕಾಣುವುದೂ ಕಷ್ಟ. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿಗೆ ಬರುವ ಹುಡುಗರಿಗೆ ಇದನ್ನು ಯಾರಾದರೂ ಕೈ ಹಿಡಿದು ತೋರಿಸಬೇಕು ಅನ್ನಿಸುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು.

ಹಾಗಾಗಿ ನಿಯಮ ಎರಡು ಬೇಕು. ಪೇಟೆಯ ಸಿಗ್ನಲ್‌ನಲ್ಲಿ ನಿಂತ ಗಾಡಿಗಳ ನಡುವೆ, ವೇಗಕ್ಕೆ ಮಿತಿ ಹಾಕಿ ಬೈಕಿಗೆ ದಾರಿ ಬಿಡಬಹುದು. ಘಾಟಿಯ ತಿರುವಿನಲ್ಲಿ ಬಸ್ಸು, ಲಾರಿಗಳ ಪಕ್ಕ ನುಗ್ಗುವುದಕ್ಕೆ ಅವಕಾಶವೇ ಬೇಡ, ಅದನ್ನು ಘಾಟಿ ಶುರುವಾಗುವಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕು. ಇದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. 1988ರ ಕಾಯ್ದೆಯ ಕಲಂ 118ರ ಅಡಿಯಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ 2017ರ ನಿಯಮಗಳಿಗೇ ಇದನ್ನು ಸೇರಿಸಬಹುದು.