ಕೆಳತುಟಿ ಕಾಣಲಿಕ್ಕೆ ಒಂದು ಫೋನು

ಎದೆಹಾಲು ಕುಡಿಸುವ ವಿಡಿಯೊಗಳಿಗೆ ಈಗ ಬರವಿಲ್ಲ. ಆದರೆ ಹೆಚ್ಚಿನವುಗಳಲ್ಲಿ ತಾಯಿ ನೆಟ್ಟಗೆ ಕೂತು ಮಗುವನ್ನು ಮಡಿಲಲ್ಲಿ ಅಡ್ಡಲಾಗಿ ಮಲಗಿಸಿಕೊಂಡಿರುತ್ತಾಳೆ. ಸಿಸೇರಿಯನ್ ಆದ ದಿನ ಅದು ಆಗದ ಮಾತು. ಕಾಲು ಇನ್ನೂ ಜೋಮು, ಮೂತ್ರದ ನಳಿಕೆ ಬೇರೆ, ಒಂದು ಕೈಗೆ ಡ್ರಿಪ್. ಮಗುವಿನ ಕಾಲು ಹೊಲಿಗೆಗೆ ತಾಗಿದರೆ ಜೀವ ಹೋದಂತಾಗುತ್ತದೆ. ಹಾಗಾಗಿ ತಾಯಂದಿರಿಗೆ ಕಲಿಸುವವರು ಎರಡೇ ವಿಡಿಯೊ ಆರಿಸಿಕೊಳ್ಳಿ: ಮಗ್ಗುಲಾಗಿ ಮಲಗಿ ಕುಡಿಸುವುದು, ಕಂಕುಳಲ್ಲಿ ಹಿಡಿದು ಕುಡಿಸುವುದು. ತಲಾ ಮೂರು ನಿಮಿಷ ಸಾಕು.

ಗರ್ಭಿಣಿಗೆ ಇವನ್ನು ತೋರಿಸಬೇಕಾದ್ದು ಆಪರೇಷನ್ನಿಗೆ ಮುಂಚೆ, 36ನೇ ವಾರದ ತಪಾಸಣೆಯ ಹೊತ್ತಿಗೆ. ವಾರ್ಡಿಗೆ ಬಂದ ಮೇಲೆ ನೋವು, ಮಂಪರು, ನೋಡಲು ಬಂದ ನೆಂಟರ ನಡುವೆ ತಲೆಗೆ ಏನೂ ಹತ್ತುವುದಿಲ್ಲ. ಆಕೆಯ ತಾಯಿಯನ್ನೋ ಅತ್ತೆಯನ್ನೋ ಜೊತೆಗೆ ಕೂರಿಸಿಕೊಳ್ಳಿ. ಮೊದಲ ರಾತ್ರಿ ಮಗುವನ್ನು ಎತ್ತಿ ಕೊಡುವವರು ಅವರೇ.

ಕಂಕುಳ ಭಂಗಿ ಅಂದರೆ ಮಡಚಿದ ಕೊಡೆಯನ್ನು ಇರುಕಿಕೊಂಡ ಹಾಗೆ. ಮಂಚದ ತಲೆಭಾಗ ಎತ್ತಿ, ಪಕ್ಕಕ್ಕೆ ದಿಂಬಿಟ್ಟು, ಮಗುವಿನ ಕಾಲು ತಾಯಿಯ ಬೆನ್ನಿನ ಕಡೆ ಹೋಗುವಂತೆ ಮಲಗಿಸಿ. ಅಂಗೈ ಮಗುವಿನ ಭುಜದ ಹಿಂದೆ, ಬೆರಳುಗಳು ಕಿವಿಯ ಕೆಳಗೆ ಕತ್ತಿಗೆ. ತಲೆಯ ಹಿಂಭಾಗ ಹಿಡಿದು ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ, ಮೂಗು ಎದೆಗೆ ಹೂತುಹೋಗುತ್ತದೆ. 'ಮಗು ಎದೆ ಹಿಡಿಯುತ್ತಿಲ್ಲ' ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಕೈ.

ಇನ್ನು ಫೋನಿನ ನಿಜವಾದ ಉಪಯೋಗ. ಮೇಲಿಂದ ಬಗ್ಗಿ ನೋಡುವ ತಾಯಿಗೆ ಮಗುವಿನ ಮೂಗು, ಮೇಲ್ದುಟಿ ಕಾಣುತ್ತವೆ. ಕೆಳತುಟಿ ಕಾಣುವುದಿಲ್ಲ, ತಪ್ಪಾಗುವುದು ಅಲ್ಲೇ. ಸೆಲ್ಫಿ ಕ್ಯಾಮೆರಾ ತೆರೆದು ಜೊತೆಗಿದ್ದವರು ಫೋನನ್ನು ಮಗುವಿನ ಗದ್ದದ ಮಟ್ಟಕ್ಕೆ ಹಿಡಿಯಲಿ, ಪರದೆ ತಾಯಿಯ ಕಡೆಗಿರಲಿ. ಕೆಳತುಟಿ ಹೊರಕ್ಕೆ ಮಗುಚಿರಬೇಕು, ಗದ್ದ ಎದೆಗೆ ಅಂಟಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ಕೆನ್ನೆಯಲ್ಲಿ ಗುಳಿ ಬಿದ್ದರೆ, 'ಟಕ್ ಟಕ್' ಸದ್ದು ಬಂದರೆ ಹಿಡಿತ ಸಾಲದು. ಎಳೆದು ಬಿಡಿಸಬೇಡಿ, ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಗೆ ತೂರಿಸಿ, ಗಾಳಿ ಒಳಹೋಗಿ ಹಿಡಿತ ಸಡಿಲಾದ ಮೇಲೆ ಬಿಡಿಸಿ. ಬಿಟ್ಟಾಗ ತೊಟ್ಟು ಓರೆಯಾಗಿ ಚಪ್ಪಟೆಯಾಗಿದ್ದರೆ ಮಗು ತೊಟ್ಟನ್ನಷ್ಟೇ ಚೀಪಿದೆ ಎಂದರ್ಥ. ಸರಿಯಾದ ಹಿಡಿತವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ ತಾಯಿಯ ಫೋನಿನಲ್ಲೇ ಇಡಿ. ರಾತ್ರಿ ಎರಡು ಗಂಟೆಗೆ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅದು ಮನೆಯ ವಾಟ್ಸಾಪ್ ಗ್ರೂಪಿಗೆ ಹೋಗದಂತೆ ಮಾತ್ರ ನೋಡಿಕೊಳ್ಳಿ.

ಸಿಸೇರಿಯನ್ ನಂತರ ಹಾಲು ತುಂಬಿ ಬರುವುದು ಒಂದೆರಡು ದಿನ ತಡವಾಗಬಹುದು. ಅಲ್ಲಿಯವರೆಗೆ ಗಿಣ್ಣು ಹಾಲೇ ಸಾಕು. ಮೊದಲ ದಿನ ಒಂದು ಸಲಕ್ಕೆ ಒಂದು ಚಮಚ, ಅಂದರೆ ಸುಮಾರು 5 ಮಿ.ಲೀ. ಬಂದರೂ ಮಗುವಿಗೆ ಅದು ಊಟವೇ. ಈ ಹಂತದಲ್ಲಿ ದುಬಾರಿ ಪಂಪಿಗಿಂತ ಕೈಯೇ ಮೇಲು, ಅಂಟು ಹಾಲು ಪಂಪಿನ ಗೋಡೆಗೇ ಹತ್ತಿ ಉಳಿಯುತ್ತದೆ. ಕೈಯಿಂದ ಹಿಂಡಿ, ಚಮಚ ಅಥವಾ ಒಳಲೆಯಲ್ಲಿ ಕುಡಿಸಿ.

ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದ ಮಳೆಗೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಲಿಂಕ್ ಕಳಿಸಿ ಪ್ರಯೋಜನವಿಲ್ಲ. ಡಿಸ್ಚಾರ್ಜಿಗೆ ಮೊದಲೇ ವಿಡಿಯೊ ಫೋನಿಗೆ ಇಳಿಸಿ, ಏರ್‌ಪ್ಲೇನ್ ಮೋಡಿನಲ್ಲಿ ಒಮ್ಮೆ ಓಡಿಸಿ ನೋಡಿ. ಇನ್ನೊಂದು ಲಾಭವೂ ಇದೆ, ಜಾಹೀರಾತಿನ ಕಾಟ ತಪ್ಪುತ್ತದೆ. ಮಗುವಿನ ಹಾಲಿನ ಪುಡಿಯ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ, ಸರಿ; ಆದರೆ ಆನ್‌ಲೈನಿನಲ್ಲಿ ನಮ್ಮ ವಿಡಿಯೊ ಮುಗಿದ ಕೂಡಲೇ 'ಬಾಣಂತಿಗೆ ಹಾಲು ಹೆಚ್ಚಿಸುವ ಪುಡಿ' ಮಾರುವವರು ಶುರು ಹಚ್ಚಿಕೊಳ್ಳುತ್ತಾರೆ.

ಮನೆಗೆ ಹೋದ ಮೇಲೆ ವಿಡಿಯೊ ಕಾಲಿನಲ್ಲಿ ಹಿಡಿತ ತಿದ್ದಬಹುದು. ತೂಕ ಮತ್ತು ಚರ್ಮದ ಬಣ್ಣಕ್ಕೆ ಆ ಪರದೆಯನ್ನು ನಂಬಬೇಡಿ, ಬಲ್ಬಿನ ಬೆಳಕಿನಲ್ಲಿ ಎಲ್ಲ ಮಕ್ಕಳೂ ಹಳದಿಯೇ. ಐದು ದಿನ ಕಳೆದರೂ 24 ಗಂಟೆಯಲ್ಲಿ ಆರು ಸಲ ಉಚ್ಚೆ ಹೋಗದಿದ್ದರೆ, ಎಬ್ಬಿಸಿದರೂ ಮಗು ಕುಡಿಯಲು ಏಳದಿದ್ದರೆ, ಅಂಗೈ ಅಂಗಾಲಿಗೆ ಹಳದಿ ಇಳಿದಿದ್ದರೆ, ತಾಯಿಗೆ ಚಳಿಜ್ವರ ಬಂದು ಎದೆ ಕೆಂಪಾಗಿ ಗಟ್ಟಿಯಾದರೆ ಆಸ್ಪತ್ರೆಗೆ ಹೊರಡಿ. ಘಾಟಿ ದಾರಿಯಿದ್ದರೆ ಕತ್ತಲಾಗುವ ಮುಂಚೆಯೇ.