ಅಪ್ಪನ ಟ್ರಂಕಿನ ಪಿಚ್ಚರ್ ಕ್ಯಾಸೆಟ್: ಇಟ್ಟುಕೊಳ್ಳಬೇಕೋ, ಒಗೆಯಬೇಕೋ?

ಪ್ರಶ್ನೆ: "ನಮಸ್ಕಾರ್ರಿ. ನಮ್ಮದು ಗದಗ, ಬೆಟಗೇರಿ. ಅಪ್ಪಾರು ಹ್ವಾದ ವರ್ಷ ತೀರಿಕೊಂಡ್ರು. ಅವರಿಗೆ ಇಂಗ್ಲಿಷ್ ಸಾಹಸದ ಪಿಚ್ಚರ್ ಅಂದ್ರ ಪ್ರಾಣ. ಕುದುರಿ, ಕತ್ತಿ, ಹಡಗ, ಮರಳುಗಾಡು ಇದ್ದರ ಊಟಾನೂ ಬ್ಯಾಡ. ಅಟ್ಟದ ಮ್ಯಾಲಿನ ಟ್ರಂಕಿನಾಗ ನಲವತ್ತು ವಿಡಿಯೋ ಕ್ಯಾಸೆಟ್, ಎರಡು ಚೀಲ ಸೀಡಿ-ಡಿವಿಡಿ ಅದಾವು. 'ಎಲ್ಲಾ ಮೊಬೈಲ್‌ನಾಗ ಸಿಗತಾವು, ಮೋಡಕಾದವಗ ಹಾಕಿಬಿಡವ್ವಾ' ಅಂತಾನ ಮಗ. ನನಗ ಮನಸ್ಸು ಬರವಲ್ದು. ಇಟ್ಕೋಬೇಕೋ, ಒಗೀಬೇಕೋ?"

ಒಗೀಬ್ಯಾಡ್ರಿ ತಂಗಿ. ಎಲ್ಲವನ್ನೂ ಇಟ್ಟುಕೊಳ್ಳಬೇಕು ಅಂತಲೂ ಇಲ್ಲ. ಆದರೆ ಅದನ್ನು ತೀರ್ಮಾನಿಸುವ ಮುಂಚೆ ಒಂದು ಮಾತು: ಸದ್ಯಕ್ಕೆ ಯಾವ ಕ್ಯಾಸೆಟ್ಟನ್ನೂ ಅದನ್ನು ಓಡಿಸುವ ಯಂತ್ರವಾದ ವಿಸಿಆರ್‌ಗೆ ಹಾಕಬೇಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇದೇ ಪ್ರಶ್ನೆ ಹುಬ್ಬಳ್ಳಿಯಿಂದ, ಹಾವೇರಿಯಿಂದ, ರಾಣೆಬೆನ್ನೂರಿನಿಂದ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ವಿಸಿಪಿ (ಕ್ಯಾಸೆಟ್ ತೋರಿಸುವ, ರೆಕಾರ್ಡ್ ಮಾಡದ ಯಂತ್ರ), ಕಲರ್ ಟಿವಿ ಎರಡನ್ನೂ ಒಂದು ರಾತ್ರಿಗೆ ಬಾಡಿಗೆ ತಂದು, ಓಣಿಯವರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ, ಬೆಳಗಾಗುವತನಕ ಮೂರು ಪಿಚ್ಚರ್ ನೋಡಿದ ಒಂದು ತಲೆಮಾರಿತ್ತು. ಅವರಲ್ಲಿ ಕೆಲವರು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಸ್ವಂತ ವಿಸಿಆರ್ ತಂದರು, ಖಾಲಿ ಕ್ಯಾಸೆಟ್ ಕೊಂಡರು, ಒಂದೊಂದೇ ಪಿಚ್ಚರ್ ಕೂಡಿಟ್ಟರು. ಆ ಗಂಟು ಈಗ ಮಕ್ಕಳ ಕೈಗೆ ಬಂದಿದೆ.

ನಿಮ್ಮ ಮಗ ಹೇಳುವುದು ಅರ್ಧ ಖರೆ. ಪಿಚ್ಚರ್ ಬೇರೆ, ನಿಮ್ಮ ಮನೆಯಲ್ಲಿರುವ ಅದರ ಪ್ರತಿ ಬೇರೆ. ಹೆಸರಾಂತ ಸಾಹಸ ಚಿತ್ರಗಳ ಮೂಲ ನೆಗೆಟಿವ್‌ಗಳು ದೊಡ್ಡ ಸ್ಟುಡಿಯೋಗಳ, ಸಂಗ್ರಹಾಲಯಗಳ ತಣ್ಣನೆಯ ಕೋಣೆಗಳಲ್ಲಿ ಇವೆ. ನಿಮ್ಮ ಕ್ಯಾಸೆಟ್ ಹಾಳಾದರೆ ಆ ಚಿತ್ರಗಳಿಗೆ ಏನೂ ಆಗುವುದಿಲ್ಲ. ಆದರೆ ಅದೇ ಟ್ರಂಕಿನಲ್ಲಿ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಒಂದೆರಡು ಪ್ರತಿಗಳು ಇರಬಹುದು. ಅವು ಯಾವುವು ಎಂದು ಹುಡುಕುವುದೇ ನಿಮ್ಮ ನಿಜವಾದ ಕೆಲಸ.

ಅದಕ್ಕೆ ಮೊದಲು ಟ್ರಂಕನ್ನು ಅಟ್ಟದಿಂದ ಕೆಳಗಿಳಿಸಿ. ಗದಗಿನ ಬೇಸಿಗೆಯಲ್ಲಿ ಕಾದ ಛಾವಣಿಯ ಕೆಳಗಿನ ಅಟ್ಟ, ಅದರ ಮೇಲೊಂದು ತಗಡಿನ ಟ್ರಂಕು ಎಂದರೆ ಕ್ಯಾಸೆಟ್ಟಿಗೆ ಒಲೆಯೇ. ವಿಡಿಯೋ ಟೇಪ್ ಅಂದರೆ ಅರ್ಧ ಇಂಚು ಅಗಲದ ತೆಳು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಾಂತೀಯ ಪುಡಿಯನ್ನು ಒಂದು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಚಿತ್ರ, ಧ್ವನಿ ಎಲ್ಲ ಇರುವುದು ಆ ಪುಡಿಯಲ್ಲಿ. ಬಿಸಿಗೆ ಪಟ್ಟಿ ಹಿಗ್ಗಿ ಕುಗ್ಗಿ ಸುರುಳಿ ಸಡಿಲಾಗುತ್ತದೆ. ತೇವಕ್ಕೆ ಅಂಟು ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಹಾಗಾಗಿ ನಿಮ್ಮ ಕಡೆಯ ರೋಗ ಬೇರೆ, ನಮ್ಮ ಧಾರವಾಡದ ರೋಗ ಬೇರೆ. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಜೂನ್‌ನಿಂದ ಜಿಟಿಜಿಟಿ ಹಿಡಿದರೆ ಅರಿವೆಯೂ ಒಣಗುವುದಿಲ್ಲ, ಕ್ಯಾಸೆಟ್ಟಿನ ಪಾಡೇನು? ಎಪ್ಪತ್ತು ಕಿಲೋಮೀಟರ್ ಆಚೆಯ ನಿಮ್ಮಲ್ಲಿ ಬೂಷ್ಟು ಕಡಿಮೆ, ಆದರೆ ಬಿಸಿಲು ಮತ್ತು ಎರೆಮಣ್ಣಿನ ನುಣುಪು ಧೂಳು ಜಾಸ್ತಿ.

ಈಗ ವಿಸಿಆರ್‌ಗೆ ಯಾಕೆ ಹಾಕಬಾರದು ಅನ್ನುವ ಮಾತು. ಒಂದು ಶ್ರಾವಣದಲ್ಲಿ, ಬಹಳ ವರ್ಷದ ನಂತರ ಹೊರತೆಗೆದ ಕ್ಯಾಸೆಟ್ಟೊಂದನ್ನು ನೋಡದೆ ಮಾಡದೆ ವಿಸಿಆರ್‌ಗೆ ತುರುಕಿದೆ. ಹತ್ತು ನಿಮಿಷಕ್ಕೆ ಚಿತ್ರ ಮಂಜಾಯಿತು. ತೆಗೆದು ಇನ್ನೊಂದು ಹಾಕಿದೆ, ಅದೂ ಮಂಜು. ಮೂರನೆಯದಕ್ಕೆ ಪರದೆಯ ಉದ್ದಕ್ಕೂ ಗೀರು ಬಿತ್ತು. ಮೊದಲ ಕ್ಯಾಸೆಟ್ಟಿನ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಚೆನ್ನಾಗಿದ್ದ ಎರಡನ್ನು ಕೆಡಿಸಿತ್ತು. ಆ ಮೂರನೆಯದರಲ್ಲಿ ಇದ್ದದ್ದು ನಮ್ಮ ಕಾಕಾನ ಮದುವೆ. ಆ ಗೀರು ಇವತ್ತಿಗೂ ಹಾಗೇ ಇದೆ.

ಆದ್ದರಿಂದ ಒಂದೊಂದೇ ಕ್ಯಾಸೆಟ್ ಕೈಗೆತ್ತಿಕೊಂಡು, ಪಾರದರ್ಶಕ ಕಿಟಕಿಯ ಮೇಲೆ ಟಾರ್ಚ್ ಹಿಡಿದು ಸುರುಳಿಯನ್ನು ನೋಡಿ. ಕಪ್ಪಗೆ, ನುಣುಪಾಗಿ ಹೊಳೆಯಬೇಕು. ಅಂಚಿನಲ್ಲಿ ಬಿಳಿ ಪುಡಿ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಬೇರೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಅದನ್ನು ಸ್ವಚ್ಛ ಮಾಡುವುದು ಕೈಪಳಗಿದವರ ಕೆಲಸ. ಹೊರಗಿನ ಡಬ್ಬಿ ಒಡೆದಿದ್ದರೆ ಮಾತ್ರ ಹೆದರಬೇಕಿಲ್ಲ. ಹಿಂದಿನ ಐದು ಸ್ಕ್ರೂ ಬಿಚ್ಚಿ ಸುರುಳಿಯನ್ನು ಬೇರೊಂದು ಡಬ್ಬಿಗೆ ಕೂರಿಸಬಹುದು.

ಇನ್ನು ವಿಂಗಡಣೆ. ಅಂಗಡಿಯಲ್ಲಿ ಕೊಂಡ, ಬಣ್ಣದ ಹೊದಿಕೆಯ, ಕಂಪನಿಯ ಕ್ಯಾಸೆಟ್‌ಗಳು ಒಂದು ಕಡೆ. ಅಪ್ಪಾರು ಸ್ವಂತ ಕೈಬರಹದಲ್ಲಿ ಹೆಸರು ಬರೆದು ಅಂಟಿಸಿದವು ಇನ್ನೊಂದು ಕಡೆ. ನೋಡಲು ಚಂದ ಇರುವುದು ಮೊದಲ ಗುಂಪು. ಬೆಲೆಯುಳ್ಳದ್ದು ಎರಡನೆಯದು.

ಯಾಕಂದರೆ, ನಮ್ಮ ಕಡೆ ಹೆಚ್ಚಾಗಿ ಸಿಗುತ್ತಿದ್ದ ಇ-180 ಕ್ಯಾಸೆಟ್ಟಿನಲ್ಲಿ 180 ನಿಮಿಷ ಜಾಗ. ಎರಡು ತಾಸಿನ ಸಾಹಸದ ಪಿಚ್ಚರ್ ತುಂಬಿಸಿದ ಮೇಲೆ ಇನ್ನೊಂದು ತಾಸು ಖಾಲಿ ಉಳಿಯುತ್ತಿತ್ತು. ಆ ಕಾಲದಲ್ಲಿ ಕ್ಯಾಸೆಟ್ ತುಟ್ಟಿ. ಖಾಲಿ ಜಾಗ ಯಾರೂ ಹಾಗೇ ಬಿಡುತ್ತಿರಲಿಲ್ಲ. ಟಿವಿಯಲ್ಲಿ ಬಂದ ಕ್ರಿಕೆಟ್ಟು, ಕನ್ನಡದ ನಾಟಕ, ವಾರ್ತೆ, ಕ್ಯಾಮೆರಾದವರಿಂದ ಇಳಿಸಿಕೊಂಡ ಜಾವಳ, ಕುಪ್ಪಸ, ಗೃಹಪ್ರವೇಶ, ಏನಾದರೂ ಬಾಲಕ್ಕೆ ಸೇರುತ್ತಿತ್ತು. ಲೇಬಲ್ ಮೇಲೆ ಪಿಚ್ಚರ್ ಹೆಸರಷ್ಟೇ ಇರುತ್ತದೆ. 'ಪಿಚ್ಚರ್ ಮುಗೀತು' ಎಂದು ಅಲ್ಲಿಗೇ ನಿಲ್ಲಿಸಬೇಡಿ. ಪರದೆ ತುಂಬ ಬರೀ ಚುಕ್ಕೆ ಕುಣಿದರೂ ಟೇಪು ಮುಗಿಯುವತನಕ ಓಡಿಸಿ. ಟಿವಿಯಿಂದ ಹಿಡಿದಿಟ್ಟ ಪಿಚ್ಚರಿನ ನಡುವಿನ ಜಾಹೀರಾತು, ನಿರೂಪಕಿಯ ಎರಡು ಮಾತು ಕೂಡ ಈಗ ಸುಲಭಕ್ಕೆ ಸಿಗುವುದಿಲ್ಲ.

ಇನ್ನೊಂದು ಸಣ್ಣ ಕೆಲಸ. ಕ್ಯಾಸೆಟ್ಟಿನ ಬೆನ್ನಿನ ಎಡಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದುಬಿಡಿ. ಅದಿಲ್ಲದಿದ್ದರೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯುವುದಿಲ್ಲ.

ಕಂಪ್ಯೂಟರಿಗೆ ಇಳಿಸುವುದು ಕಷ್ಟದ ವಿದ್ಯೆಯಲ್ಲ, ತಾಳ್ಮೆಯ ಕೆಲಸ. ಹೊಸ ವಿಸಿಆರ್ ಸಿಗುವ ಮಾತಿಲ್ಲ. ಜಗತ್ತಿನಲ್ಲಿ ಕಡೆಯದಾಗಿ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಹಾಗಾಗಿ ಹಳೆಯದನ್ನೇ ಹುಡುಕಬೇಕು. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ, ಟಿವಿ ರಿಪೇರಿಯವರ ಅಟ್ಟಗಳಲ್ಲಿ ಇನ್ನೂ ಇವೆ. ಕೊಳ್ಳುವಾಗ ನಿಮ್ಮ ಕ್ಯಾಸೆಟ್ ಕೊಡಬೇಡಿ, ಅಂಗಡಿಯವರದ್ದೇ ಒಂದನ್ನು ಹಾಕಿಸಿ ಮುಂದೆ ಓಡಿಸಿ, ಹಿಂದೆ ಓಡಿಸಿ ನೋಡಿ. ರಬ್ಬರ್ ಬೆಲ್ಟ್ ಸಡಿಲಾಗಿದ್ದರೆ ಅಲ್ಲೇ ತೊದಲುತ್ತದೆ. ವಿಸಿಆರ್‌ನ ಹಳದಿ, ಕೆಂಪು, ಬಿಳಿ ವೈರುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಎಂಬ ಸಣ್ಣ ಸಾಧನದ ಮೂಲಕ ಕಂಪ್ಯೂಟರಿಗೆ ಜೋಡಿಸಿದರಾಯಿತು. ಮೂರು ತಾಸಿನ ಕ್ಯಾಸೆಟ್ ಇಳಿಯಲು ಮೂರು ತಾಸೇ ಬೇಕು, ಅವಸರ ಮಾಡುವ ದಾರಿಯಿಲ್ಲ. ಡಿವಿಡಿ ಗುಣಮಟ್ಟದಲ್ಲಿ ಎರಡು ತಾಸಿಗೆ ಸುಮಾರು 4 ಜಿಬಿ ಹಿಡಿಯುತ್ತದೆ. ನಿಮ್ಮ ನಲವತ್ತೂ ಒಂದು ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ ಕೂರುತ್ತವೆ. ಎರಡು ಡಿಸ್ಕಿನಲ್ಲಿ ಇಟ್ಟು, ಒಂದನ್ನು ಬೇರೆ ಊರಿನ ತಮ್ಮನ ಮನೆಯಲ್ಲೋ ಮಗಳ ಮನೆಯಲ್ಲೋ ಇಡಿ.

ಕಂಪನಿಯ ಕ್ಯಾಸೆಟ್ ಇಳಿಸಲು ಹೋದರೆ ಚಿತ್ರ ಒಮ್ಮೆ ಬೆಳಗುತ್ತದೆ, ಒಮ್ಮೆ ಕಪ್ಪಾಗುತ್ತದೆ. ಅದು ಕೆಟ್ಟಿದ್ದಲ್ಲ, ನಕಲು ತಡೆಯಲು ಬೇಕೆಂದೇ ಹಾಕಿದ ಮ್ಯಾಕ್ರೋವಿಷನ್ ಎಂಬ ಬೇಲಿ. ಅದರೊಂದಿಗೆ ಗುದ್ದಾಡಬೇಡಿ. ಆ ಪಿಚ್ಚರ್ ಅಷ್ಟು ಇಷ್ಟವಾದರೆ ಒಳ್ಳೆಯ ಡಿಸ್ಕ್ ಕೊಂಡುಬಿಡಿ. ಯಾಕೆ ಅಂದರೆ, ಸಾಹಸದ ಚಿತ್ರಕ್ಕೆ ಕ್ಯಾಸೆಟ್ ಮಾಡಿದಷ್ಟು ಅನ್ಯಾಯ ಬೇರೆ ಯಾವ ಬಗೆಯ ಚಿತ್ರಕ್ಕೂ ಮಾಡಿಲ್ಲ.

ಈ ಚಿತ್ರಗಳಲ್ಲಿ ಮನುಷ್ಯನಷ್ಟೇ ದೊಡ್ಡ ಪಾತ್ರ ನೆಲದ್ದು. 1959ರ 'ಬೆನ್ ಹರ್' ಚಿತ್ರದ ಚೌಕಟ್ಟು ಎತ್ತರಕ್ಕಿಂತ 2.76 ಪಟ್ಟು ಅಗಲ. ಹಳೆ ಟಿವಿಯ ಪರದೆ 1.33 ಪಟ್ಟು. ಪರದೆ ತುಂಬಿಸಲೆಂದು ಇಕ್ಕೆಲ ಕತ್ತರಿಸಿದರೆ ಅರ್ಧಕ್ಕಿಂತ ಕಡಿಮೆ ಚಿತ್ರ ಉಳಿಯುತ್ತದೆ. ರಥದ ಓಟದಲ್ಲಿ ಪಕ್ಕದ ರಥವೇ ಮಾಯ! 1962ರ 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ ಒಮರ್ ಷರೀಫ್ ಮರೀಚಿಕೆಯೊಳಗಿಂದ ಮೂಡಿಬರುವ ದೃಶ್ಯ ನೆನಪಿರಬಹುದು. ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಅದಕ್ಕಾಗಿ 482 ಮಿ.ಮೀ. ಲೆನ್ಸ್ ಬಳಸಿದರು, 65 ಮಿ.ಮೀ. ಅಗಲದ ನೆಗೆಟಿವ್ ಮೇಲೆ ತೆಗೆದರು. ದಿಗಂತದಲ್ಲಿ ಮೊದಲು ಒಂದು ಚುಕ್ಕೆ, ಆಮೇಲೆ ನಡುಗುವ ಗೆರೆ, ಆಮೇಲೆ ಒಂಟೆಯ ಮೇಲಿನ ಮನುಷ್ಯ. ಅಡ್ಡಕ್ಕೆ 240 ಗೆರೆಯಷ್ಟು ವಿವರ ಹಿಡಿಯುವ ಕ್ಯಾಸೆಟ್ಟಿನಲ್ಲಿ ಆ ಚುಕ್ಕೆಯೇ ಕಾಣಿಸುವುದಿಲ್ಲ. ನಾನು ಅದನ್ನು ಮೊದಲು ನೋಡಿದ್ದು ಬಾಡಿಗೆ ಕ್ಯಾಸೆಟ್ಟಿನಲ್ಲಿ. ಎಲ್ಲರೂ ಯಾಕೆ ಆ ದೃಶ್ಯ ಹೊಗಳುತ್ತಾರೆಂದು ಇಪ್ಪತ್ತು ವರ್ಷ ತಿಳಿದಿರಲಿಲ್ಲ. ಡಿವಿಡಿಗಿಂತ ಸ್ಪಷ್ಟ ಚಿತ್ರದ ಬ್ಲೂ-ರೇ ಡಿಸ್ಕ್ ಹಾಕಿದ ದಿನ ಆ ಚುಕ್ಕೆ ಕಂಡಿತು, ಎದ್ದು ಟಿವಿಯ ಹತ್ತಿರ ಹೋಗಿ ನಿಂತು ನೋಡಿದೆ.

ವೇಗದ್ದೂ ಒಂದು ಗೊತ್ತಾಗದ ಸಂಗತಿ ಇದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ, ನಮ್ಮ ಪಾಲ್ ಪದ್ಧತಿಯ ಟಿವಿ 25ರಲ್ಲಿ. ಆದ್ದರಿಂದ ಪಾಲ್ ಕ್ಯಾಸೆಟ್, ಪಾಲ್ ಡಿವಿಡಿಗಳಲ್ಲಿ ಸಾಮಾನ್ಯವಾಗಿ ಪಿಚ್ಚರನ್ನು ನೂರಕ್ಕೆ ನಾಲ್ಕರಷ್ಟು ಜೋರಾಗಿ ಓಡಿಸುತ್ತಾರೆ. ಎರಡು ತಾಸಿನದು 115 ನಿಮಿಷಕ್ಕೆ ಮುಗಿಯುತ್ತದೆ. ಜಪಾನಿನ ನಿರ್ದೇಶಕ ಕುರೊಸಾವಾ ಅವರ 'ಸೆವೆನ್ ಸಮುರಾಯ್' 207 ನಿಮಿಷದ್ದು, ಪಾಲ್‌ನಲ್ಲಿ ಅದು 199ಕ್ಕಿಳಿಯುತ್ತದೆ. 'ನಮ್ಮ ಪ್ರತಿಯಲ್ಲಿ ಎಂಟು ನಿಮಿಷ ಕಟ್ ಮಾಡ್ಯಾರ' ಎಂದು ಕೇಳುವವರಿಗೆ ಬಹಳ ಸಲ ಇದೇ ಉತ್ತರ. ಬ್ಲೂ-ರೇನಲ್ಲಿ ಸಾಮಾನ್ಯವಾಗಿ ಮೂಲ ವೇಗವೇ ಇರುತ್ತದೆ.

ಇನ್ನು ಆ ಎರಡು ಚೀಲ. ಚೀಲದಿಂದ ಮೊದಲು ಹೊರತೆಗೆಯಿರಿ, ಒಂದಕ್ಕೊಂದು ತಿಕ್ಕಿ ಗೀರು ಬೀಳುತ್ತವೆ. ಎರಡು ಮೂರು ತಟ್ಟೆಯಲ್ಲಿ ಒಂದು ಪಿಚ್ಚರ್ ಇದ್ದರೆ ಅದು ವಿಸಿಡಿ. ಡಿವಿಡಿಯ ಚಿತ್ರದಲ್ಲಿ ಅದರ ನಾಲ್ಕು ಪಟ್ಟು ಚುಕ್ಕೆ ಇರುತ್ತವೆ. ಹಾಗಾಗಿ ಎರಡೂ ಇದ್ದರೆ ವಿಸಿಡಿಯನ್ನು ಧೈರ್ಯವಾಗಿ ಬಿಡಬಹುದು. ಸೀಡಿ, ವಿಸಿಡಿಗಳಲ್ಲಿ ಎಲ್ಲರೂ ಹೊಳೆಯುವ ಬದಿಯನ್ನೇ ಜೋಪಾನ ಮಾಡುತ್ತಾರೆ. ಆದರೆ ಮಾಹಿತಿಯ ಪದರ ಇರುವುದು ಹೆಸರು ಅಚ್ಚಾದ ಬದಿಯ ತೆಳು ಬಣ್ಣದ ಕೆಳಗೇ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಕೆಟ್ಟಿತು. ಡಿವಿಡಿಯ ಪದರ ಎರಡು ತಟ್ಟೆಗಳ ನಡುವೆ ಇರುವುದರಿಂದ ಅದು ಸ್ವಲ್ಪ ಗಟ್ಟಿ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತಿಸಬೇಡಿ. ಮನೆಯಲ್ಲಿ ಬರ್ನ್ ಮಾಡಿದ ತಟ್ಟೆಗಳು ಅಂಗಡಿಯವಕ್ಕಿಂತ ಬೇಗ ಕೆಡುತ್ತವೆ, ಅವನ್ನು ಮೊದಲು ಕಂಪ್ಯೂಟರಿಗೆ ಹಾಕಿಕೊಳ್ಳಿ.

ಹೊಸದಾಗಿ ಕೊಳ್ಳುವುದಾದರೆ ಪ್ರದೇಶದ ಗುರುತು, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ಗೆಂದು ಮಾಡಿದ್ದು ಎನ್ನುವ ಸಂಕೇತ ನೋಡಿ. ಡಿವಿಡಿಯಲ್ಲಿ ಭಾರತ 5ನೆಯ ಪ್ರದೇಶ, ಅಮೆರಿಕ 1, ಯುರೋಪ್ 2. ಬ್ಲೂ-ರೇಯಲ್ಲಿ ನಮ್ಮದು ಸಿ. ಹೊರದೇಶದಿಂದ ತರಿಸಿದ್ದು ಇಲ್ಲಿನ ಪ್ಲೇಯರ್‌ನಲ್ಲಿ ಓಡದೇ ಇರಬಹುದು. 4ಕೆ ಡಿಸ್ಕ್‌ಗಳಿಗೆ ಈ ಬೇಲಿ ಇಲ್ಲ.

ಟ್ರಂಕಿನಲ್ಲಿ ಒಂದು ಹೆಸರನ್ನು ಮಾತ್ರ ಹುಡುಕಿ ನೋಡಿ: ಸಾಬು. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತರ ಮಗ. ಮೈಸೂರಿನಲ್ಲಿ ಚಿತ್ರ ತೆಗೆಯಲು ಬಂದ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಬಿದ್ದು, 1937ರ 'ಎಲಿಫೆಂಟ್ ಬಾಯ್'ನಲ್ಲಿ ನಾಯಕನಾದ. 1940ರ 'ದಿ ಥೀಫ್ ಆಫ್ ಬಾಗ್ದಾದ್' ಮೂರು ಆಸ್ಕರ್ ಪಡೆಯಿತು, ಅದರ ಕಳ್ಳ ಇವನೇ. 1942ರ 'ಜಂಗಲ್ ಬುಕ್'ನ ಮೌಗ್ಲಿಯೂ ಇವನೇ. ಹಾಲಿವುಡ್ಡಿನ ಸಾಹಸ ಚಿತ್ರಗಳ ಸುವರ್ಣ ಕಾಲದಲ್ಲಿ ನಮ್ಮ ನಾಡಿನ ಹುಡುಗನೊಬ್ಬ ಹೀಗೆ ನಟ್ಟನಡುವೆ ನಿಂತಿದ್ದ ಎಂಬುದು ನಮ್ಮ ಮಕ್ಕಳಿಗೆ ಗೊತ್ತಾಗಬೇಕು. 'ಜಂಗಲ್ ಬುಕ್' ಅಮೆರಿಕದಲ್ಲಿ ಹಕ್ಕುಮುಕ್ತವಾದ ಕಾರಣ ಯಾರು ಬೇಕಾದರೂ ಅಚ್ಚು ಹಾಕಿದರು. ಟೆಕ್ನಿಕಲರ್ ಎಂಬ ಆ ಕಾಲದ ಬಣ್ಣದ ಪದ್ಧತಿಯ ದಟ್ಟ ಹಸಿರು, ಕೆಂಪು ತೊಳೆದುಹೋದ, ಮಬ್ಬು ಪ್ರತಿಗಳೇ ಹೆಚ್ಚು. ನಿಮ್ಮಲ್ಲಿ ಅಂಥದ್ದೇ ಇದ್ದರೆ ಅದನ್ನು ನೋಡಿ ಚಿತ್ರವನ್ನು ಅಳೆಯಬೇಡಿ.

ಕಾನೂನಿನದು ಒಂದೇ ಮಾತು. ನಮ್ಮ ದೇಶದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಹಕ್ಕಿರುವುದನ್ನು ನಕಲು ಮಾಡಿ ಮಾರುವುದು, ಅಂತರ್ಜಾಲಕ್ಕೆ ಏರಿಸುವುದು ಸಲ್ಲದು.

ಉಳಿಸಿಕೊಂಡ ಕ್ಯಾಸೆಟ್‌ಗಳನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಒಳಗೋಡೆಯ ಕಪಾಟಿನ ಕೆಳಗಿನ ಅರೆಯಲ್ಲಿಡಿ. ಸ್ಪೀಕರ್, ಸ್ಟೆಬಿಲೈಸರ್ ಹತ್ತಿರ ಬೇಡ. ಡಾಂಬರು ಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಆಗದು. ಇಳಿಸುವ ಕೆಲಸಕ್ಕೆ ಮಗನನ್ನೇ ಕೂಡಿಸಿ. ಅಪ್ಪಾರ ಕೈಬರಹದ ಲೇಬಲ್‌ಗಳ ಫೋಟೋ ಮೊದಲು ಅವನೇ ತೆಗೆಯಲಿ, ಆಮೇಲೆ ಅತಿ ಹಳೆಯ ತಾರೀಖಿನ ಕ್ಯಾಸೆಟ್ಟಿನಿಂದ ಶುರು ಮಾಡಿ. ರೋಹಿಣಿ ಮಳೆ ಬೀಳುವ ಮುಂಚೆ ಐದಾದರೂ ಇಳಿಯಲಿ.